ಇಂದಿರಾನಗರದಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಊಟ ಹುಡುಕುವುದು ಹೇಗೆ

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹಸಿದು ನಿಂತರೆ ಕಣ್ಣಿಗೆ ಬೀಳುವುದೆಲ್ಲ ಕೆಫೆ, ಬ್ರೂವರಿ, ಗಾಜಿನ ಬಾಗಿಲು. ಎಷ್ಟೋ ಕಡೆ ಒಂದು ಕಾಫಿಗೇ ಇನ್ನೂರು ರೂಪಾಯಿ ದಾಟಿರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿ ಹಾಸನದಿಂದಲೋ ಹಾವೇರಿಯಿಂದಲೋ ಬಂದ ಹುಡುಗ ಹುಡುಗಿಯರು ಇದನ್ನು ನೋಡಿ ಈ ಏರಿಯಾ ನಮ್ಮಂಥವರಿಗಲ್ಲ ಅಂದುಕೊಂಡು, ಮಧ್ಯಾಹ್ನ ಬಿಸ್ಕತ್ತು ಟೀಯಲ್ಲಿ ಮುಗಿಸಿ, ರಾತ್ರಿ ಪಿಜಿಯ ತಣ್ಣನೆ ಅನ್ನ ತಿಂದು ಮಲಗುತ್ತಾರೆ. ಇದು ನನಗೆ ನಿಜವಾಗಲೂ ಬೇಜಾರು ತರುವ ವಿಷಯ. ಯಾಕೆಂದರೆ ಅದೇ ರಸ್ತೆಯಿಂದ ಹತ್ತು ಹದಿನೈದು ನಿಮಿಷ ನಡೆದರೆ ನೂರು ರೂಪಾಯಿ ಆಸುಪಾಸಿನಲ್ಲಿ ಬಿಸಿ ಊಟ ಇದೆ. ಅದಕ್ಕೆ ದೊಡ್ಡ ಬೋರ್ಡ್ ಇರುವುದಿಲ್ಲ, ಅಷ್ಟೇ.

ಹುಡುಕುವುದಕ್ಕೆ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಈ ಏರಿಯಾದಲ್ಲಿ ದುಡಿಯುವವರು ಎಲ್ಲಿ ಉಣ್ಣುತ್ತಾರೆ?

ದೊಡ್ಡ ಮನೆಗಳ ಡ್ರೈವರ್‌ಗಳು, ಸೆಕ್ಯುರಿಟಿಯವರು, ಮನೆಕೆಲಸದ ಅಕ್ಕಂದಿರು, ಬಟ್ಟೆ ಅಂಗಡಿಯ ಹುಡುಗಿಯರು, ಸಲೂನ್ ಹುಡುಗರು, ಡೆಲಿವರಿಯವರು, ಬ್ಯಾಂಕಿನ ಅಟೆಂಡರ್‌ಗಳು. ಇವರೆಲ್ಲ ದಿನಾ ಇಲ್ಲಿಗೆ ಬರುತ್ತಾರೆ, ದಿನಾ ಹಸಿಯುತ್ತಾರೆ. ನೂರಡಿ ರಸ್ತೆಯ ಬರ್ಗರ್ ತಿನ್ನುವಷ್ಟು ಸಂಬಳ ಅವರಿಗಿಲ್ಲ. ಅಂದರೆ ಅವರಿಗೆ ಅಂತ ಎಲ್ಲೋ ಒಂದು ಒಲೆ ಉರಿಯುತ್ತಲೇ ಇರಬೇಕು, ಅಲ್ವಾ? ಆ ಒಲೆ ಹುಡುಕಿದರೆ ನಿಮ್ಮ ಕೆಲಸ ಆಯಿತು.

ಹಳ್ಳಿ ಎಲ್ಲಿದೆ ನೋಡಿ

ಬೆಂಗಳೂರಿನ ಹೆಚ್ಚಿನ ಶ್ರೀಮಂತ ಬಡಾವಣೆಗಳು ಹಳ್ಳಿಗಳ ಹೊಲ, ತೋಟಗಳ ಮೇಲೆ ಎದ್ದಿವೆ. ಈ ಕೆಲಸ ಮಾಡಿದ್ದು ಮೊದಲು ನಗರ ಸುಧಾರಣಾ ಮಂಡಳಿ (ಸಿಐಟಿಬಿ), 1976ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಜಮೀನು ತೆಗೆದುಕೊಂಡು ಸೈಟ್ ಮಾಡಿದರು, ಆದರೆ ಜನ ವಾಸ ಇದ್ದ ಊರಿನ ನಡುಭಾಗವನ್ನು, ಅಂದರೆ ಗ್ರಾಮಠಾಣವನ್ನು, ಸಾಮಾನ್ಯವಾಗಿ ಹಾಗೇ ಬಿಟ್ಟರು. ಅದಕ್ಕೇ ನೇರ ನೇರ ಅಗಲ ರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಓಣಿಗಳು ಶುರುವಾಗುತ್ತವೆ. ಒಂದು ಮಾರಮ್ಮನ ಗುಡಿ, ಒಂದು ಅಶ್ವತ್ಥಕಟ್ಟೆ, ಒತ್ತಿಕೊಂಡು ನಿಂತ ಮನೆಗಳು. ಇಲ್ಲಿ ಮಳಿಗೆ ಚಿಕ್ಕದು, ಬಾಡಿಗೆ ಕಡಿಮೆ, ಎಷ್ಟೋ ಸಲ ಹೋಟೆಲ್ ನಡೆಸುವವರದೇ ಸ್ವಂತ ಮನೆಯ ಮುಂಭಾಗ. ಊಟದ ರೇಟು ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ಇದೇ. ಅಕ್ಕಿ, ಬೇಳೆ, ಗ್ಯಾಸ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬೆಲೆ. ನೂರಡಿ ರಸ್ತೆಯಲ್ಲಿ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಜಾಗಕ್ಕೆ ಹೋಗುತ್ತದೆ.

ಇಂದಿರಾನಗರದ ಸುತ್ತ ಇಂಥ ಊರುಗಳು ಬೇಕಾದಷ್ಟಿವೆ. ಬಿನ್ನಮಂಗಲ, ಅಪ್ಪಾರೆಡ್ಡಿಪಾಳ್ಯ, ಮೋಟಪ್ಪನಪಾಳ್ಯ, ಲಕ್ಷ್ಮೀಪುರ. ದೊಮ್ಮಲೂರು ಕಡೆಗೆ ದೂಪನಹಳ್ಳಿ, ಹಳೇ ಏರ್‌ಪೋರ್ಟ್ ರಸ್ತೆ ಕಡೆಗೆ ಕೋಡಿಹಳ್ಳಿ. ಪೂರ್ವಕ್ಕೆ ತಿಪ್ಪಸಂದ್ರ. ಪಶ್ಚಿಮಕ್ಕೆ ಹಲಸೂರು. ಫೋನಿನಲ್ಲಿ ಮ್ಯಾಪ್ ತೆರೆದು ದೊಡ್ಡದು ಮಾಡಿ ನೋಡಿ. ಚೌಕ ಚೌಕ ರಸ್ತೆಗಳು ನಿಂತು ಅಂಕುಡೊಂಕು ಗೆರೆಗಳು ಎಲ್ಲಿ ಶುರುವಾಗುತ್ತವೋ ಅಲ್ಲಿಗೆ ಹೋಗಿ.

ನನ್ನನ್ನು ಕೇಳಿದರೆ ಮೊದಲು ತಿಪ್ಪಸಂದ್ರ. ಹೊಸ ತಿಪ್ಪಸಂದ್ರದ ಮುಖ್ಯರಸ್ತೆ ಮಾರ್ಕೆಟ್ ರಸ್ತೆ. ತರಕಾರಿ, ಹೂವು, ಪಾತ್ರೆ ಅಂಗಡಿಗಳ ಮಧ್ಯೆ ದರ್ಶಿನಿ, ಬೇಕರಿ, ಚಾಟ್ ಗಾಡಿ, ಮೆಸ್ ಎಲ್ಲ ಇವೆ. ಪಕ್ಕದಲ್ಲೇ ವಿಮಾನ ಕಾರ್ಖಾನೆ ಎಚ್‌ಎಎಲ್ ಇರುವುದರಿಂದ ಸಂಬಳದ ಲೆಕ್ಕದಲ್ಲಿ ಬದುಕುವ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಇವೆ. ರುಚಿ ಕೆಟ್ಟರೆ ಅವರು ಮಾರನೆಯ ದಿನ ಪಕ್ಕದ ಹೋಟೆಲಿಗೆ ಹೋಗುತ್ತಾರೆ, ರೇಟು ಏರಿಸಿದರೆ ಮುಖಕ್ಕೇ ಕೇಳುತ್ತಾರೆ. ಇಂಥ ಗಿರಾಕಿಗಳಿರುವ ಕಡೆ ಊಟ ಸರಿಯಾಗಿರುತ್ತದೆ.

ಮೆಟ್ರೋದಲ್ಲಿ ಬರುವವರಿಗೆ ಇನ್ನೊಂದು ದಾರಿ. ನೇರಳೆ ಮಾರ್ಗದಲ್ಲಿ ಟ್ರಿನಿಟಿ ಆದ ಮೇಲೆ ಹಲಸೂರು, ಆಮೇಲೆ ಇಂದಿರಾನಗರ, ಆಮೇಲೆ ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣ. ಊಟಕ್ಕೆ ಅಂತಲೇ ಹೊರಟಿದ್ದರೆ ಇಂದಿರಾನಗರದಲ್ಲಿ ಇಳಿಯುವ ಬದಲು ಒಂದು ನಿಲ್ದಾಣ ಮೊದಲೇ ಹಲಸೂರಿನಲ್ಲಿ ಇಳಿಯಿರಿ. ಸೋಮೇಶ್ವರ ದೇವಸ್ಥಾನದ ಸುತ್ತಲಿನ ಹಳೇ ಪೇಟೆ ಬೀದಿಗಳಲ್ಲಿ ಇಡ್ಲಿ ಅಂಗಡಿ, ತಮಿಳರ ಮೆಸ್, ಬಿರಿಯಾನಿ ಅಂಗಡಿಗಳು ಒಂದರ ಪಕ್ಕ ಒಂದು. ಇಂದಿರಾನಗರ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇದ್ದ ಊರು ಅದು.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಆಟೋದವರನ್ನು ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಕೇಳುವ ರೀತಿ ಮುಖ್ಯ. 'ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ?' ಅಂತ ಕೇಳಿದರೆ ಅವರು ನಿಮ್ಮ ಬಟ್ಟೆ, ಬ್ಯಾಗು ನೋಡಿ ನಿಮಗೆ ಒಪ್ಪುವಂಥ ದೊಡ್ಡ ಹೋಟೆಲಿನ ಹೆಸರು ಹೇಳುತ್ತಾರೆ. ಅದು ಅವರ ಮರ್ಯಾದೆ. 'ಅಣ್ಣ, ನೀವು ಮಧ್ಯಾಹ್ನ ಊಟ ಎಲ್ಲಿ ಮಾಡ್ತೀರ?' ಅಂತ ಕೇಳಿ. ಉತ್ತರವೇ ಬೇರೆ ಬರುತ್ತದೆ. ಯಾವ ಕ್ರಾಸು, ಯಾವ ದಿನ ಬಸ್ಸಾರು, ಎಷ್ಟು ಹೊತ್ತಿಗೆ ಹೋದರೆ ಮುದ್ದೆ ಬಿಸಿ ಇರುತ್ತದೆ, ಎಲ್ಲ ಹೇಳುತ್ತಾರೆ.

ನಿಮ್ಮ ಆಫೀಸಿನ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಅಕ್ಕಂದಿರು ಇನ್ನೂ ಒಳ್ಳೆ ಗುರುಗಳು. ಅವರಲ್ಲಿ ಎಷ್ಟೋ ಜನ ಮನೆಯಿಂದ ಡಬ್ಬಿ ತರುತ್ತಾರೆ, ಆದರೆ ಡಬ್ಬಿ ತರದ ದಿನ ಎಲ್ಲಿಗೆ ಹೋಗುತ್ತಾರೆ ಅನ್ನುವುದೇ ನಿಮಗೆ ಬೇಕಾದ ಮಾಹಿತಿ. ಡೆಲಿವರಿ ಹುಡುಗರು ಮೂರು ಗಂಟೆ ಸುಮಾರಿಗೆ, ಆರ್ಡರ್ ಕಮ್ಮಿಯಾದಾಗ, ಯಾವ ಅಂಗಡಿ ಮುಂದೆ ಬೈಕ್ ನಿಲ್ಲಿಸಿದ್ದಾರೆ ನೋಡಿ. ಸುಮ್ನೆ ಹಿಂದೆ ಹೋಗಿ ಸಾಲಿನಲ್ಲಿ ನಿಲ್ಲಿ.

ಆಸ್ಪತ್ರೆ, ಸರ್ಕಾರಿ ಕಚೇರಿ, ಕಾಲೇಜು, ಈ ಮೂರರ ಸುತ್ತಲೂ ಕಡಿಮೆ ರೇಟಿನ ಊಟ ಇದ್ದೇ ಇರುತ್ತದೆ. ಆಸ್ಪತ್ರೆಯಲ್ಲಿ ರೋಗಿ ಜೊತೆ ಬಂದವರು ದಿನಗಟ್ಟಲೆ ಉಳಿಯಬೇಕಾಗುತ್ತದೆ. ಅವರಿಗೆ ಮೂರು ಹೊತ್ತೂ ಹೊಟ್ಟೆಗೆ ಒಗ್ಗುವ ಸಾದಾ ಊಟ ಬೇಕು. ಇಂದಿರಾನಗರದಲ್ಲಿ ಸಿಎಂಎಚ್ ರಸ್ತೆಗೆ ಹೆಸರು ಬಂದದ್ದೇ ಚಿನ್ಮಯ ಮಿಷನ್ ಆಸ್ಪತ್ರೆಯಿಂದ. ಇಎಸ್‌ಐ ಆಸ್ಪತ್ರೆಯೂ ಹತ್ತಿರ ಇದೆ, ಅಲ್ಲಿಗೆ ಬರುವವರು ಕಾರ್ಖಾನೆ ಕಾರ್ಮಿಕರ ಕುಟುಂಬದವರು. ಕೋಡಿಹಳ್ಳಿ ಪಕ್ಕದಲ್ಲಿ ದೊಡ್ಡ ಖಾಸಗಿ ಆಸ್ಪತ್ರೆ ಇದೆ. ಇವುಗಳ ಹಿಂದಿನ ಬೀದಿ, ಪಕ್ಕದ ಬೀದಿ ನೋಡಿ. ಆಸ್ಪತ್ರೆ ಒಳಗಿನ ಕೆಫೆ ಬೇಡ, ಗೇಟಿನ ಹೊರಗೆ ಬನ್ನಿ. ಕೋರಮಂಗಲದಲ್ಲಾದರೆ ಬಿಡಿಎ ಕಾಂಪ್ಲೆಕ್ಸ್‌ನ ಆರ್‌ಟಿಒ, ಎಂಬತ್ತಡಿ ರಸ್ತೆಯ ಪಾಸ್‌ಪೋರ್ಟ್ ಕಚೇರಿ, ಇವುಗಳ ಸುತ್ತ ಇದೇ ಲೆಕ್ಕ ನಡೆಯುತ್ತದೆ.

ಯಾವ ಥರದ ಜಾಗಕ್ಕೆ ಏನು ತಿನ್ನಲು ಹೋಗಬೇಕು

ದರ್ಶಿನಿ ಎಲ್ಲರಿಗೂ ಗೊತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು, ಆಮೇಲೆ ಆ ಮಾದರಿ ಊರೆಲ್ಲ ಹರಡಿತು. ಟೋಕನ್ ತಗೊಳ್ಳಿ, ನಿಂತು ತಿನ್ನಿ, ಹೊರಡಿ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಅದೇ ಜಾಗದಲ್ಲಿ ಗಂಟೆಗೆ ಹೆಚ್ಚು ಜನ ತಿಂದು ಹೋಗುತ್ತಾರೆ. ಕಡಿಮೆ ರೇಟಿಗೆ ಬಿಸಿ ತಿಂಡಿ ಕೊಡಲು ಆಗುವುದು ಇದರಿಂದ. ಶ್ರೀಮಂತ ಏರಿಯಾದಲ್ಲಿ ಕೂಡ ದರ್ಶಿನಿಯ ಬೆಳಗಿನ ತಿಂಡಿ ಕೈಗೆ ಎಟುಕುವ ಹಾಗೇ ಇರುತ್ತದೆ. ಇಡ್ಲಿ ವಡೆ, ಖಾರಾಬಾತ್, ಖಾಲಿ ದೋಸೆ, ಸೆಟ್ ದೋಸೆ. ಹಸಿವು ಜಾಸ್ತಿ ಇದ್ದರೆ ಮಸಾಲೆ ದೋಸೆಗಿಂತ ರೈಸ್ ಬಾತ್ ಲಾಭ. ಪ್ರತಿದಿನ ಬೇರೆ ಬೇರೆ ಬಾತ್ ಇರುತ್ತದೆ, ಅದು ಆಗ ತಾನೇ ಮಾಡಿದ್ದು, ಪ್ರಮಾಣವೂ ಚೆನ್ನಾಗಿರುತ್ತದೆ. ಇಬ್ಬರಿದ್ದರೆ ಬೈ ಟು ಕಾಫಿ ಕೇಳಲು ಸಂಕೋಚ ಬೇಡ, ಬೆಂಗಳೂರಿನಲ್ಲಿ ಅದು ಮಾಮೂಲಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಕಾಫಿಪುಡಿಯೂ ದುಬಾರಿ. ಹಾಗಾಗಿ ಹಳೇ ಫೋಟೋದಲ್ಲಿರುವ ಕಾಫಿ ರೇಟನ್ನು ಈಗ ನಿರೀಕ್ಷಿಸಬೇಡಿ.

ಉಡುಪಿ ಹೋಟೆಲಿಗೆ ಹೋದಾಗ ಒಂದು ಗಮನಿಸಿ. ಎಷ್ಟೋ ಕಡೆ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಅಥವಾ ಒಳಗೆ ಎಸಿ ಹಾಲ್. ಅಡುಗೆಮನೆ ಒಂದೇ, ಸಾಂಬಾರ್ ಒಂದೇ, ರೇಟು ಮಾತ್ರ ಎರಡು. ಬಾಗಿಲಲ್ಲಿ ನಿಂತವರು ಮೇಲಕ್ಕೆ ಕೈ ತೋರಿಸಿದರೂ ನೀವು ಸೆಲ್ಫ್ ಸರ್ವಿಸ್ ಕಡೆಗೇ ಹೋಗಿ. ಊಟಕ್ಕೆ 'ಮೀಲ್ಸ್' ಅಂದರೆ ದೊಡ್ಡ ತಟ್ಟೆ, ಹತ್ತು ಬಟ್ಟಲು ಬರುತ್ತದೆ. 'ಮಿನಿ ಮೀಲ್ಸ್' ಅಥವಾ ಬರೀ ಅನ್ನ ಸಾಂಬಾರ್ ಇದೆಯಾ ಕೇಳಿ. ಬೋರ್ಡಿನಲ್ಲಿ ಬರೆಯದಿದ್ದರೂ ಅನ್ನ ಸಾಂಬಾರ್ ಕೊಡುವ ಹೋಟೆಲುಗಳು ಬಹಳ.

ಇನ್ನು ಮುದ್ದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಕಡಿಮೆ ದುಡ್ಡಿಗೆ ಗಟ್ಟಿಯಾಗಿ ಹೊಟ್ಟೆ ತುಂಬುವ ಊಟ ಇದರಷ್ಟು ಬೇರೆ ಯಾವುದೂ ಇಲ್ಲ. ಹಳ್ಳಿ ಓಣಿಗಳಲ್ಲಿ, ಕೆಲವು ಕಡೆ ತಳ್ಳುಗಾಡಿಯಲ್ಲಿ, 'ಮುದ್ದೆ ಊಟ' ಅಂತ ಕೈಬರಹದ ಬೋರ್ಡ್ ಇರುತ್ತದೆ. ಒಂದು ಮುದ್ದೆ, ಬಸ್ಸಾರೋ ಉಪ್ಪುಸಾರೋ ಕಾಳಿನ ಸಾರೋ, ಸ್ವಲ್ಪ ಅನ್ನ, ಮಜ್ಜಿಗೆ, ಒಂದು ಈರುಳ್ಳಿ ಚೂರು. ಮಧ್ಯಾಹ್ನ ಇದನ್ನು ತಿಂದರೆ ಸಂಜೆ ಆರರವರೆಗೆ ಇನ್ನೇನೂ ಬೇಡ, ನಾಲ್ಕು ಗಂಟೆಯ ಪಫ್, ಟೀ ಖರ್ಚೂ ಉಳಿಯುತ್ತದೆ. ಮಾಂಸ ತಿನ್ನುವವರಾದರೆ ಮಿಲಿಟರಿ ಹೋಟೆಲು. ನಾಟಿಕೋಳಿ, ಮಟನ್ ಇವತ್ತಿನ ರೇಟಿನಲ್ಲಿ ಅಗ್ಗ ಅಲ್ಲ. ಆದರೆ ಮುದ್ದೆ ಜೊತೆ ಬರೀ ಸಾರು, ಅಥವಾ ಬೋಟಿ, ಅಥವಾ ಕಾಲು ಸೂಪು ತಗೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ದೊನ್ನೆ ಬಿರಿಯಾನಿಯಲ್ಲಿ ಅರ್ಧ ಪ್ಲೇಟು ಕೇಳಿ, ಒಬ್ಬರಿಗೆ ಎಷ್ಟೋ ಕಡೆ ಅದು ಸಾಕು. ಸೋಮವಾರ, ಶನಿವಾರ ಮಾಂಸ ತಿನ್ನದವರು ನಮ್ಮಲ್ಲಿ ಬಹಳ, ಹಾಗಾಗಿ ಕೆಲವು ಅಂಗಡಿ ಆ ದಿನ ಬಾಗಿಲು ಹಾಕಿರುತ್ತವೆ. ಹೊರಡುವ ಮೊದಲು ವಿಚಾರಿಸಿ.

ಉತ್ತರ ಕರ್ನಾಟಕದ ಖಾನಾವಳಿಗಳು ಈಗ ಬೆಂಗಳೂರಿನ ಎಲ್ಲ ದಿಕ್ಕಿನಲ್ಲೂ ಇವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಊಟಕ್ಕೆ ಒಂದೇ ರೇಟು ಇದ್ದರೆ ಪಲ್ಯ, ಚಟ್ನಿ ಮತ್ತೆ ಮತ್ತೆ ಬಡಿಸುತ್ತಾರೆ, ರೊಟ್ಟಿ ಮಾತ್ರ ಲೆಕ್ಕ ಇರಬಹುದು. ಕೂರುವ ಮೊದಲೇ 'ಊಟಕ್ಕೆ ಎಷ್ಟು ರೊಟ್ಟಿ ಬರುತ್ತವೆ?' ಅಂತ ಕೇಳಿಬಿಡಿ. ಕೇರಳದವರ ಚಹಾ ಅಂಗಡಿಗಳಲ್ಲಿ ಪರೋಟ, ಮೊಟ್ಟೆ ಕರಿ ರಾತ್ರಿ ತಡವಾದಾಗ ಕೈ ಹಿಡಿಯುತ್ತವೆ. ಆಂಧ್ರ ಮೆಸ್‌ಗಳಲ್ಲಿ ಪಪ್ಪು, ಪುಡಿ, ತುಪ್ಪ ಇರುವ ಊಟ ಒಳ್ಳೆಯದು, ಆದರೆ ಹೆಸರುವಾಸಿ ಆಂಧ್ರ ರೆಸ್ಟೋರೆಂಟುಗಳ ಜೊತೆ ಇವನ್ನು ಸೇರಿಸಬೇಡಿ, ಅವುಗಳ ರೇಟು ಬೇರೆ.

ಅಯ್ಯಂಗಾರ್ ಬೇಕರಿ ಊಟಕ್ಕೆ ಬದಲಿ ಅಲ್ಲ. ಖಾರಾ ಬನ್, ಆಲೂ ಬನ್, ಮಸಾಲಾ ಟೋಸ್ಟ್ ಸಂಜೆಗೆ ಸರಿ. ದಿನಾ ಮಧ್ಯಾಹ್ನ ಅದನ್ನೇ ತಿನ್ನುವವರನ್ನು ನೋಡಿದರೆ ಬೇಡ ಅನ್ನಬೇಕು ಅನಿಸುತ್ತದೆ. ಅದರ ಬದಲು ಹಾಪ್‌ಕಾಮ್ಸ್ ಮಳಿಗೆಯಿಂದ ಬಾಳೆಹಣ್ಣು, ನಂದಿನಿ ಬೂತಿನಿಂದ ಮಜ್ಜಿಗೆ ಪ್ಯಾಕೆಟ್ ತಗೊಳ್ಳಿ.

ಇಂದಿರಾ ಕ್ಯಾಂಟೀನ್ ಬಗ್ಗೆ ಮಾತಾಡಲು ಕೆಲವರಿಗೆ ಮುಜುಗರ. ಬೇಡ. 2017ರ ಆಗಸ್ಟ್ 16ರಂದು ಶುರುವಾದ ಯೋಜನೆ ಇದು. ಬೆಳಗಿನ ತಿಂಡಿಗೆ 5 ರೂಪಾಯಿ, ಮಧ್ಯಾಹ್ನ, ರಾತ್ರಿ ಊಟಕ್ಕೆ 10 ರೂಪಾಯಿ ಅಂತ ಆಗ ನಿಗದಿ ಮಾಡಿದರು. ವಾರ್ಡಿಗೊಂದು ಅನ್ನುವ ಲೆಕ್ಕದಲ್ಲಿ ಕಟ್ಟಿದ್ದರಿಂದ ಶ್ರೀಮಂತ ಏರಿಯಾಗಳ ಅಂಚಿನಲ್ಲೂ ಇವೆ. ಒಂದೊಂದು ಹೊತ್ತಿಗೆ ಇಷ್ಟೇ ಪ್ಲೇಟು ಅಂತ ಬರುತ್ತದೆ, ಮುಗಿದರೆ ಮುಗಿಯಿತು, ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ, ಕೆಲಸ ಹುಡುಕುತ್ತಿರುವಾಗ ಧೈರ್ಯವಾಗಿ ಹೋಗಿ ಉಣ್ಣಿ, ಅದು ಇರುವುದೇ ಅದಕ್ಕೆ. ಸಂಬಳ ಬಂದ ವಾರ ಮಾತ್ರ ಆ ಪ್ಲೇಟನ್ನು ಕೂಲಿಯವರಿಗೆ ಬಿಡಿ.

ಹಲಸೂರು ಕೆರೆ ದಂಡೆಯಲ್ಲಿ ಗುರುದ್ವಾರ ಇದೆ. ಅಲ್ಲಿನ ಲಂಗರ್‌ನಲ್ಲಿ ಯಾರು ಬೇಕಾದರೂ ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣಬಹುದು, ದುಡ್ಡು ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಚಪ್ಪಲಿ ಹೊರಗೆ ಬಿಡಿ, ಬೇಕಾದಷ್ಟೇ ಹಾಕಿಸಿಕೊಳ್ಳಿ. ಊಟ ಆದ ಮೇಲೆ ತಟ್ಟೆ ತೊಳೆಯುವ ಕಡೆ ಸ್ವಲ್ಪ ಹೊತ್ತು ಕೈ ಜೋಡಿಸಿದರೆ ಒಳ್ಳೆಯದು. ಇದನ್ನು ಫ್ರೀ ಹೋಟೆಲ್ ಅಂತ ಲೆಕ್ಕ ಹಾಕಬೇಡಿ, ಅದು ಪ್ರಸಾದ.

ಹೊತ್ತು ನೋಡಿ ಹೋಗಿ

ಎಷ್ಟೋ ಜನ ಸರಿಯಾದ ಜಾಗಕ್ಕೆ ತಪ್ಪಾದ ಹೊತ್ತಿಗೆ ಹೋಗಿ, ಚೆನ್ನಾಗಿಲ್ಲ ಅಂತ ಬರುತ್ತಾರೆ. ಮೆಸ್ಸಿನ ಅಡುಗೆ ಸಾಮಾನ್ಯವಾಗಿ ಹನ್ನೆರಡೂವರೆಗೆ ಸಿದ್ಧ. ಎರಡು ಗಂಟೆ ದಾಟಿದರೆ ಪಲ್ಯ ಮುಗಿದಿರುತ್ತದೆ, ಅನ್ನ ಆರಿರುತ್ತದೆ. ಹನ್ನೆರಡೂ ಮುಕ್ಕಾಲಿಗೆ ಹೋಗಿ. ಆಫೀಸಿನಲ್ಲಿ ಒಂದೂವರೆಗೆ ಬಿಡುವಾದರೆ, ವಾರದಲ್ಲಿ ಎರಡು ದಿನವಾದರೂ ಬೇಗ ಹೊರಡಲು ಆಗುತ್ತದಾ ನೋಡಿ. ದರ್ಶಿನಿಯಲ್ಲಿ ಬೆಳಿಗ್ಗೆ ಏಳೂವರೆಯಿಂದ ಹತ್ತರವರೆಗೆ ಎಲ್ಲ ಬಿಸಿ. ಹನ್ನೊಂದೂವರೆಗೆ ಹೋದರೆ ತಿಂಡಿ ಮುಗಿದು ಊಟ ಶುರುವಾಗದ ನಡುವಿನ ಹೊತ್ತು, ಆಗ ಸಿಗುವುದು ಉಳಿದದ್ದು.

ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಥ ಏರಿಯಾಗಳಲ್ಲಿ ರಾತ್ರಿ ಎಂಟರ ಮೇಲೆ ರಸ್ತೆ ಪೂರ್ತಿ ಪಬ್ಬಿಗೆ ಬರುವವರದು. ಸಣ್ಣ ಮೆಸ್‌ಗಳು ಅಷ್ಟು ಹೊತ್ತಿಗೆ ಪಾತ್ರೆ ತೊಳೆಯುತ್ತಿರುತ್ತವೆ. ಉಳಿದಿರುವುದು ಗೋಬಿ, ಫ್ರೈಡ್ ರೈಸ್ ಗಾಡಿ ಅಥವಾ ದುಬಾರಿ ರೆಸ್ಟೋರೆಂಟು. ಸ್ನೇಹಿತರ ಜೊತೆ ಅಂಥ ಕಡೆ ಹೋಗಲೇಬೇಕಾದರೆ ಆರೂವರೆಗೇ ತಿಪ್ಪಸಂದ್ರದಲ್ಲಿ ಒಂದು ಸೆಟ್ ದೋಸೆ ತಿಂದು ಹೋಗಿ. ಆ ದುಬಾರಿ ಜಾಗದಲ್ಲಿ ಕೂತು ಒಂದು ನಿಂಬೆ ಸೋಡಾ ಕುಡಿದರೆ ಯಾರೂ ಏನೂ ಅನ್ನುವುದಿಲ್ಲ.

ಭಾನುವಾರ ಬಹಳ ಮೆಸ್‌ಗಳಿಗೆ ಅರ್ಧ ದಿನ ರಜೆ. ಹಬ್ಬದ ವಾರ ಅಡುಗೆಯವರು ಊರಿಗೆ ಹೋಗಿರುತ್ತಾರೆ. ಆಗ ದರ್ಶಿನಿಯೇ ಗತಿ.

ಫೋನಿನಲ್ಲಿ ಹುಡುಕುವುದಾದರೆ

ಮ್ಯಾಪಿನಲ್ಲಿ 'ರೆಸ್ಟೋರೆಂಟ್' ಅಂತ ಹಾಕಿದರೆ ದುಬಾರಿ ಜಾಗಗಳೇ ಮೊದಲು ಬರುತ್ತವೆ. 'ಮೆಸ್', 'ಟಿಫನ್ ಸೆಂಟರ್', 'ದರ್ಶಿನಿ', 'ಉಪಾಹಾರ', 'ಖಾನಾವಳಿ', 'ಮುದ್ದೆ' ಅಂತ ಹಾಕಿ. ಕನ್ನಡದಲ್ಲೂ ಟೈಪ್ ಮಾಡಿ, ಇಂಗ್ಲಿಷಿನಲ್ಲೂ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರು ಬರುತ್ತವೆ. ಸ್ಟಾರ್ ಎಷ್ಟು ಅಂತ ನೋಡುತ್ತಾ ಕೂರಬೇಡಿ. ಗಿರಾಕಿಗಳು ಹಾಕಿದ ಫೋಟೋಗಳಲ್ಲಿ ರೇಟಿನ ಬೋರ್ಡ್ ಹುಡುಕಿ, ಫೋಟೋ ಯಾವ ವರ್ಷದ್ದು ನೋಡಿ.

ಡೆಲಿವರಿ ಆ್ಯಪನ್ನು ತರಿಸಿಕೊಳ್ಳಲು ಬಳಸಬೇಡಿ, ವಿಳಾಸ ಹುಡುಕಲು ಬಳಸಿ. ಕಡಿಮೆ ಬೆಲೆಯಿಂದ ಮೇಲಕ್ಕೆ ಜೋಡಿಸಿದರೆ ನಿಮಗೆ ಗೊತ್ತೇ ಇಲ್ಲದ ಸಣ್ಣ ಅಡುಗೆಮನೆಗಳ ಹೆಸರು ಸಿಗುತ್ತದೆ. ಆ್ಯಪಿಗೆ ಕಮಿಷನ್ ಕೊಡಬೇಕಾಗಿರುವುದರಿಂದ ಎಷ್ಟೋ ಹೋಟೆಲುಗಳು ಅಲ್ಲಿ ರೇಟು ಏರಿಸಿ ಹಾಕುತ್ತವೆ. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ. ಅದೇ ಊಟಕ್ಕೆ ಕೌಂಟರಿನಲ್ಲಿ ಎಷ್ಟು ಅಂತ ಒಂದು ಸಲ ಹೋಗಿ ನೋಡಿದರೆ ಮತ್ತೆ ಆರ್ಡರ್ ಮಾಡುವ ಮನಸ್ಸಾಗುವುದಿಲ್ಲ. ಪಾರ್ಸೆಲ್ ಬೇಕಿದ್ದರೆ ಸ್ಟೀಲ್ ಡಬ್ಬಿ ಒಯ್ಯಿರಿ. ಪಾರ್ಸೆಲ್ ಚಾರ್ಜ್ ಉಳಿಯುತ್ತದೆ, ಬಿಸಿ ಸಾಂಬಾರ್ ಪ್ಲಾಸ್ಟಿಕ್ ಕವರಿಗೆ ಬೀಳುವುದೂ ತಪ್ಪುತ್ತದೆ.

ಬಿಲ್ ಓದಲು ಕಲಿಯಿರಿ

ಸಾಮಾನ್ಯ ಹೋಟೆಲುಗಳಲ್ಲಿ ಊಟಕ್ಕೆ ಜಿಎಸ್‌ಟಿ ಶೇಕಡಾ 5. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಸರಳ ಲೆಕ್ಕದಲ್ಲಿ ತೆರಿಗೆ ಕಟ್ಟುವ, ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ, ತೆರಿಗೆ ಅವರೇ ಕೈಯಿಂದ ಕಟ್ಟಬೇಕು. ಅಂಥ ಬಿಲ್ಲಿನ ಮೇಲೆ ಕಾಂಪೊಸಿಷನ್ ಅಂತ ಬರೆದಿರುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ನೋಂದಣಿ ನಂಬರ್ ಇದೆಯಾ ನೋಡಿ.

ಸರ್ವಿಸ್ ಚಾರ್ಜ್ ಬೇರೆ ವಿಷಯ, ಅದು ತೆರಿಗೆ ಅಲ್ಲ. ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿಯಿತು. ಹಾಗಾಗಿ ಬಿಲ್ಲಿನಲ್ಲಿ ಕಂಡರೆ 'ಇದನ್ನು ತೆಗೆದುಬಿಡಿ' ಅಂತ ಮೆಲ್ಲಗೆ, ಸ್ಪಷ್ಟವಾಗಿ ಹೇಳಿ. ಸಪ್ಲೈಯರ್ ಮೇಲೆ ರೇಗಬೇಡಿ, ಅವರು ಹಾಕಿದ್ದಲ್ಲ. ಅವರ ಕೆಲಸ ಇಷ್ಟವಾದರೆ ಕೈಯಲ್ಲೇ ಟಿಪ್ ಕೊಡಿ. ಇನ್ನೊಂದು, ಕೂತ ತಕ್ಷಣ ಬಾಟಲ್ ನೀರು ತಂದಿಡುತ್ತಾರೆ. 'ಸಾದಾ ನೀರು ಕೊಡಿ' ಅಂದರೆ ಸಾಕು.

ಸಣ್ಣ ಅಂಗಡಿಗಳಿಗೆ ಹೋಗುವಾಗ ಚಿಲ್ಲರೆ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ, ಬೆಂಗಳೂರಿನ ಎಷ್ಟೋ ಗಾಡಿ, ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದರು. ಇಡ್ಲಿ ತಿಂದ ಮೇಲೆ ಫೋನ್ ಹಿಡಿದು ನಿಂತರೆ ಇಬ್ಬರಿಗೂ ಕಷ್ಟ.

ಅಗ್ಗ ಅಂತ ಆರೋಗ್ಯ ಬಿಡಬೇಡಿ

ಕಡಿಮೆ ರೇಟು ಅಂದರೆ ಕೊಳಕು ಅಲ್ಲ, ದೊಡ್ಡ ರೇಟು ಅಂದರೆ ಶುಚಿಯೂ ಅಲ್ಲ. ನೋಡಬೇಕಾದ ಮೊದಲ ವಿಷಯ ಜನ. ಗಿಜಿಗುಡುವ ಅಂಗಡಿಯಲ್ಲಿ ಅಡುಗೆ ಹಳಸುವಷ್ಟು ಹೊತ್ತು ಉಳಿಯುವುದಿಲ್ಲ. ಎರಡನೆಯದು ತಟ್ಟೆ ತೊಳೆಯುವ ನೀರು. ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಿದ್ದರೆ ಬಾಳೆಲೆ ಅಥವಾ ಅಡಿಕೆ ಹಾಳೆ ತಟ್ಟೆ ಕೇಳಿ. ಇಡ್ಲಿ ಬೇಯಿಸುವಾಗ ಬಟ್ಟೆ ಹಾಕಿದ್ದಾರಾ, ಪ್ಲಾಸ್ಟಿಕ್ ಹಾಳೆಯಾ ಗಮನಿಸಿ. ಪ್ಲಾಸ್ಟಿಕ್ ಬಳಸಬಾರದು ಅಂತ ಆರೋಗ್ಯ ಇಲಾಖೆ 2025ರಲ್ಲಿ ಹೇಳಿದೆ. ಗೋಬಿ ಮಂಚೂರಿ ಕೆಂಪಗೆ ಹೊಳೆಯುತ್ತಿದ್ದರೆ ಮುಂದೆ ಹೋಗಿ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಕಬಾಬಿಗೆ ಅದೇ ವರ್ಷ ಜೂನ್‌ನಲ್ಲಿ. ನೀರಿನ ಬಗ್ಗೆ ಅನುಮಾನ ಇದ್ದರೆ ನಿಮ್ಮ ಬಾಟಲ್ ನಿಮ್ಮ ಜೊತೆ ಇರಲಿ. ಮಳೆಗಾಲದಲ್ಲಿ ಹಸಿ ಚಟ್ನಿ ಬಿಟ್ಟು ಬಿಸಿ ಸಾಂಬಾರ್ ಹಾಕಿಸಿಕೊಳ್ಳಿ.

ಜಾಗ ಸಿಕ್ಕ ಮೇಲೆ

ಒಂದು ಮೆಸ್ ಇಷ್ಟವಾಯಿತು ಅಂದುಕೊಳ್ಳಿ. ತಿಂಗಳ ಊಟದ ಲೆಕ್ಕ ಇದೆಯಾ ಕೇಳಿ. ದಿನದ ರೇಟಿಗಿಂತ ಕಡಿಮೆ ಬೀಳುತ್ತದೆ. ಆದರೆ ಒಂದೇ ಸಲ ತಿಂಗಳ ದುಡ್ಡು ಕೊಡಬೇಡಿ, ಮೊದಲು ಒಂದು ವಾರ ಉಂಡು ನೋಡಿ. ಊರಿಗೆ ಹೋದ ದಿನ ಕಳೆಯುತ್ತಾರಾ, ಬಿಟ್ಟ ಊಟ ಮುಂದಿನ ತಿಂಗಳಿಗೆ ಸೇರುತ್ತದಾ, ಇದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ. ಓಣಿಗಳಲ್ಲಿ ಮನೆಯಲ್ಲೇ ಅಡುಗೆ ಮಾಡಿ ಕ್ಯಾರಿಯರ್ ಕಳಿಸುವ ಅಕ್ಕಂದಿರೂ ಇದ್ದಾರೆ. ಅವರ ನಂಬರ್ ಎಲ್ಲೂ ಬರೆದಿರುವುದಿಲ್ಲ, ದಿನಸಿ ಅಂಗಡಿಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಇಂಥ ಕಡೆ ಚೌಕಾಸಿ ಮಾಡಬೇಡಿ. ಅರವತ್ತು ರೂಪಾಯಿ ಊಟದಲ್ಲಿ ಅವರಿಗೆ ಉಳಿಯುವುದು ಬಹಳ ಕಡಿಮೆ. ಒಂದು ಗಂಟೆಯ ರಷ್ಷಿನಲ್ಲಿ ಊಟ ಆದ ಮೇಲೂ ಕೂತು ಮಾತಾಡಬೇಡಿ, ಹಿಂದೆ ನಿಂತವರಿಗೆ ಅರ್ಧ ಗಂಟೆಯ ಬಿಡುವು ಮಾತ್ರ ಇರುತ್ತದೆ. ಮತ್ತೆ, ದಯವಿಟ್ಟು, ಬಡಿಸುವವರನ್ನು ಕೇಳದೆ ರೀಲ್ಸ್ ಮಾಡಬೇಡಿ. ಎಂಟು ಜನ ಕೂರುವ ಮೆಸ್ಸಿಗೆ ಒಂದೇ ಸಲ ನೂರು ಜನ ಬಂದರೆ ದಿನಾ ಉಣ್ಣುತ್ತಿದ್ದ ಸೆಕ್ಯುರಿಟಿಯವರಿಗೆ ಊಟ ಸಿಗುವುದಿಲ್ಲ. ಆಮೇಲೆ ಮಾಲೀಕರು ಬಾಡಿಗೆ ಏರಿಸುತ್ತಾರೆ, ರೇಟೂ ಏರುತ್ತದೆ. ಗೆಳೆಯರಿಗೆ ಹೇಳಿ, ಆಫೀಸಿಗೆ ಹೊಸದಾಗಿ ಸೇರಿದವರನ್ನು ಕರೆದುಕೊಂಡು ಹೋಗಿ, ಅಷ್ಟು ಸಾಕು.

ಬೇರೆ ಏರಿಯಾದಲ್ಲಿರುವವರಿಗೆ ಬೇಗ ಹೇಳಿಬಿಡುತ್ತೇನೆ. ಕೋರಮಂಗಲದವರು ಈಜಿಪುರ, ವೆಂಕಟಾಪುರ, ಜಕ್ಕಸಂದ್ರ, ಮಡಿವಾಳ ಮಾರ್ಕೆಟ್ ಕಡೆ ನೋಡಿ. ಕಾಲೇಜು ಹುಡುಗರ ಊಟ ಬೇಕಾದರೆ ಸುದ್ದಗುಂಟೆಪಾಳ್ಯ, ತಾವರೆಕೆರೆ. ಎಚ್‌ಎಸ್‌ಆರ್ ಲೇಔಟಿನವರಿಗೆ ಅಗರ, ಸೋಮಸುಂದರಪಾಳ್ಯ, ಹರಳುಕುಂಟೆ. ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕಿನ ಫುಡ್ ಕೋರ್ಟ್ ಬಿಟ್ಟು ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಹಗದೂರು, ಕಾಡುಗೋಡಿ. ಡಾಲರ್ಸ್ ಕಾಲೊನಿಯವರು ಭೂಪಸಂದ್ರ, ನಾಗಶೆಟ್ಟಿಹಳ್ಳಿ ಕಡೆ ಹೋಗಿ. ಸದಾಶಿವನಗರದಲ್ಲಿರುವವರು ಸ್ಯಾಂಕಿ ಕೆರೆ ದಾಟಿ ಮಲ್ಲೇಶ್ವರಕ್ಕೆ ಬನ್ನಿ, ಇಲ್ಲವೇ ಪ್ಯಾಲೇಸ್ ಗುಟ್ಟಹಳ್ಳಿಗೆ ಇಳಿಯಿರಿ. ಬರುವ ಶನಿವಾರ ಹನ್ನೆರಡೂವರೆಗೆ, ಕೈಯಲ್ಲಿ ಚಿಲ್ಲರೆ, ಚೀಲದಲ್ಲಿ ಡಬ್ಬಿ ಇಟ್ಟುಕೊಂಡು ಹೊರಡಿ.